ಬಾಗಿಲ ಮೇಲಿನ ಜುಲೈ

ಪಿಸ್ತೂಲು ನನ್ನ ಕಿವಿಯ ಹಿಂದೆ. ಪೆನ್ನು ನನ್ನ ಕೈಯಲ್ಲಿ.

"ಸೈನ್ ಹಾಕು ಲೊಂಬೆ," ಅಂದ ಕಪಾಸ. ಕಿಟ್ವೆಯ ಈ ತಾಮ್ರದ ಕಾರ್ಖಾನೆಗೆ ಮ್ಯಾನೇಜರ್. "ಮೂರಕ್ಕೆ ತಾಮ್ರ ಕೊಳ್ಳೋ ಡಚ್ ಮೇಡಂ ಬರ್ತಾರೆ."

ನನ್ನ ಕೆಲಸ ಏನು ಅಂತೀರಾ? ತಾಮ್ರ ಕರಗಿಸೋ ಕರೆಂಟಿನ ಹಿಂದೆ ಎಷ್ಟು ಹೊಗೆ ಇದೆ ಅಂತ ಪತ್ತೆ ಹಚ್ಚೋದು. ನಮ್ಮ ಜಾಂಬಿಯಾದ ಅಣೆಕಟ್ಟಿನ ಕರೆಂಟಿಗೆ ಹೊಗೆ ಇಲ್ಲ ಅಂದರೂ ನಡೆಯುತ್ತೆ. ದಕ್ಷಿಣ ಆಫ್ರಿಕಾದಿಂದ ಬರೋದು ಕಲ್ಲಿದ್ದಲಿಂದು. ಯೂನಿಟ್ಟಿಗೆ ಹೆಚ್ಚುಕಮ್ಮಿ ಒಂದು ಕೆಜಿ ಹೊಗೆ. ಮುಟ್ಟಿದರೆ ಎರಡೂ ಒಂದೇ ಥರ ಹೊಡೆಯುತ್ತವೆ. ಆದರೆ ಯುರೋಪಿನವರು ನೀರಿನ ತಾಮ್ರಕ್ಕೇ ಜಾಸ್ತಿ ಕೊಡೋದು.

ಈ ವರ್ಷ ಮಳೆ ಕೈಕೊಟ್ಟಿತ್ತು. ಅಣೆಕಟ್ಟಿನ ತಳ ಕಾಣ್ತಿತ್ತು. ಕಪಾಸನ ಕುಲುಮೆ ಮಾತ್ರ ಒಂದು ಗಂಟೆಯೂ ಆರಿರಲಿಲ್ಲ... ಪೂರ್ತಿ ನೀರಿನ ಕರೆಂಟಂತೆ. ಜುಲೈ ತಿಂಗಳ ಫೈಲು ಹಾಗನ್ನುತ್ತಿತ್ತು, ನನ್ನ ಸೈನ್ ಒಂದೇ ಬಾಕಿ.

ಅದು ಸುಳ್ಳು ಅಂತ ನನಗೆ ಹೇಳಿದವನು ಶಿಫ್ಟ್ ಇಂಜಿನಿಯರ್ ಕಲುಬ. ಅವನ ಲಾಗ್ ಪುಸ್ತಕ ಕುಲುಮೆಗೆ ಹೋಯ್ತು, ಅವನು ಬೀಗ ಹಾಕಿದ ಗೋದಾಮಿಗೆ. ನಾನು ಸೈನ್ ಹಾಕಿದರೆ ಅವನ ಮಾತು ಸುಳ್ಳಾಗುತ್ತೆ, ಕಪಾಸನ ಲೆಕ್ಕದಲ್ಲಿ ಅವನು ಕೇಬಲ್ ಕಳ್ಳ. ಸಂಜೆಗೆ ಪೊಲೀಸು, ಆಮೇಲೆ ಜೈಲು.

"ಪೆನ್ನಲ್ಲಿ ಇಂಕಿಲ್ಲ ಸಾರ್."

ಪಿಸ್ತೂಲು ಹಿಡಿದಿದ್ದ ಗಾರ್ಡು ಬಗ್ಗಿ ನೋಡಿದ. ಪಾಪ, ಹೇಳಿದ ಮಾತು ಕೇಳೋ ಮನುಷ್ಯ. ನನ್ನ ಮೊಣಕೈ ಅವನ ಮೂಗಿಗೆ... ಫೈಲು ನನ್ನ ಕಂಕುಳಿಗೆ... ನಾನು ಕಿಟಕಿಯಿಂದ ಆಚೆಗೆ.

ಹಿಂದೆ ಎರಡು ಗುಂಡು ಹಾರಿದವು. ಒಂದು ಕಪಾಸನ ಕಾರಿನ ಗಾಜಿಗೇ ಬಿತ್ತು. ದೇವರಿದ್ದಾನೆ.

ಮಿನಿಬಸ್ ಹತ್ತಿ ನೇರ ಕಲುಬನ ಮನೆಗೆ. ಅವನ ಹೆಂಡತಿ ಮುಕುಕ ಇದ್ದಿಲ ಒಲೆ ಊದುತ್ತಿದ್ದಳು. ಬನ್ನು ಮಾರಿ ಬದುಕೋಳು.

"ಅವರೆಲ್ಲಿ ಅಣ್ಣ?"

"ಬರ್ತಾನಮ್ಮ. ಜುಲೈನಲ್ಲಿ ನಿಮಗೆ ಕರೆಂಟು ಯಾವಾಗ ಇತ್ತು?"

"ನನ್ನ ಹೊಟ್ಟೆ ಉರಿಸಬೇಡಿ. ಬಾಗಿಲು ನೋಡಿ."

ಅಡುಗೆಮನೆ ಬಾಗಿಲ ತುಂಬ ಇದ್ದಿಲ ಅಕ್ಷರ. ಬಂದ ಹೊತ್ತು, ಹೋದ ಹೊತ್ತು, ಮೂವತ್ತೊಂದು ದಿನ. ಓವನ್ ಹಚ್ಚೋರೆಲ್ಲ ಇಲ್ಲಿ ಹೀಗೇ ಬರೆದಿಡೋದು.

ಫೈಲು ಬಿಚ್ಚಿದೆ. ನೀರಿನ ಕರೆಂಟು ಬಂತು ಅಂತ ಕಪಾಸ ತೋರಿಸಿದ್ದ ಲೈನೇ ಈ ಬೀದಿಯದ್ದೂ. ಫೈಲಿನಲ್ಲಿ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ. ಬಾಗಿಲಲ್ಲಿ ನಾಲ್ಕು. ಉಳಿದ ಇಪ್ಪತ್ತು ಗಂಟೆ ಕುಲುಮೆ ಉರಿದದ್ದು ಕಲ್ಲಿದ್ದಲ ಕರೆಂಟಿನಲ್ಲಿ. ಕಪಾಸನನ್ನೂ ಬೈಯೋ ಹಾಗಿಲ್ಲ. ಮನೆಯಲ್ಲಿ ಎರಡು ಜನರೇಟರ್ ಇಟ್ಟುಕೊಂಡವನಿಗೆ ಊರಿನ ಲೋಡ್ ಶೆಡ್ಡಿಂಗ್ ಎಲ್ಲಿ ನೆನಪಿರುತ್ತೆ?

ಬಾಗಿಲು ಕಿತ್ತೆ. ಮಿನಿಬಸ್ಸಿನವನು ಅದಕ್ಕೂ ಟಿಕೆಟ್ ಕೇಳಿದ.

ಡಚ್ ಮೇಡಂ ಕಾರಿನ ಹಿಂದೆಯೇ ಗೇಟಿನೊಳಗೆ ನುಗ್ಗಿದೆ. ಖರೀದಿಗೆ ಬಂದವರ ಮುಂದೆ ಯಾರೂ ಗುಂಡು ಹಾರಿಸಲ್ಲ. ವ್ಯಾಪಾರ ಕೆಡುತ್ತೆ.

"ಏನೋ ಇದು?" ಕಪಾಸ ಅಡ್ಡ ಬಂದ.

"ಲಾಗ್ ಪುಸ್ತಕ ಸಾರ್. ಕುಲುಮೆಗೆ ಹಾಕೋಕೆ ಸ್ವಲ್ಪ ದೊಡ್ಡದು."

ಮೇಡಂ ಫೈಲು ಓದಿದಳು. ಬಾಗಿಲು ಓದಿದಳು. ಇದನ್ನು ಮೊದಲು ಹೇಳಿದ್ದು ಇವರದೇ ಇಂಜಿನಿಯರ್ ಅಂದೆ. ಪೆನ್ನಿನ ಕ್ಯಾಪ್ ಮುಚ್ಚಿದಳು.

"ಇದನ್ನು ಹೇಳಿದ ಇಂಜಿನಿಯರ್ ಎಲ್ಲಿ? ಈಗಲೇ ಕರೆಸಿ."

ಸಂಜೆ ಕಲುಬನೂ ನಾನೂ ಬಾಗಿಲು ಕೂರಿಸುತ್ತಿದ್ದಾಗ ಬಲ್ಬು ಹತ್ತಿತು.

"ಇದು ಯಾವ ಕರೆಂಟಪ್ಪಾ?"

"ಕಲ್ಲಿದ್ದಲಿಂದೇ. ಅಣೆಕಟ್ಟಲ್ಲಿ ನೀರೆಲ್ಲಿದೆ?" ಅಂದ ಕಲುಬ.

ಮುಕುಕ ನಮ್ಮಿಬ್ಬರನ್ನೂ ಪಕ್ಕಕ್ಕೆ ತಳ್ಳಿ, ಬಾಗಿಲ ಮೇಲೆ ಐದೂ ಹತ್ತು ಅಂತ ಬರೆದು, ಓವನ್ ಹಚ್ಚಿದಳು. ಅವಳ ಬನ್ನಿನ ಹೊಗೆ ಅಳೆಯೋಕೆ ಯುರೋಪಿನಿಂದ ಇನ್ನೂ ಯಾರೂ ಬಂದಿಲ್ಲ.