ಹುಲಿಗೆಮ್ಮನ ಕೈ

ವೈಷ್ಣವಿ ದೇಸಾಯಿಯ ಬೆರಳುಗಳು ಬಸುರಿಯ ಹೊಟ್ಟೆಯ ಮೇಲೆ ಒಂದು ಕ್ಷಣ ನಿಂತು, ನಿಧಾನವಾಗಿ ಎಡಕ್ಕೆ ಸರಿದವು. ಒಳಗೆ ಅಡ್ಡ ಮಲಗಿದ್ದ ಕೂಸು ತಿರುಗಿ ತಲೆ ಕೆಳಗೆ ಮಾಡಿತು. ಪಕ್ಕದಲ್ಲಿದ್ದ ಹಿರಿಯ ವೈದ್ಯೆ ತಡೆಹಿಡಿದ ಉಸಿರು ಬಿಟ್ಟಳು. ವೈಷ್ಣವಿ ನರ್ಸಿಂಗ್ ಕಾಲೇಜಿಗೆ ಸೇರಿ ಆಗಿದ್ದದ್ದು ಆರೇ ತಿಂಗಳು.

ಅದು ೨೦೫೮ನೇ ಇಸವಿ. ಈ ಚಳಕವನ್ನು ಅವಳಿಗೆ ಕೊಟ್ಟದ್ದು ಡಾ. ಶೈಲಜಾ ಹಿರೇಗೌಡರ್ ಕಂಡುಹಿಡಿದ ‘ಕೈಪಾಠ’ ಎಂಬ ಕೈಗವಸು. ಅದರ ನೂಲಿನಲ್ಲಿ ಕೂದಲೆಳೆಗಿಂತ ತೆಳುವಾದ ಸಂವೇದಕಗಳಿದ್ದವು. ಪಳಗಿದವರು ತೊಟ್ಟು ಕೆಲಸ ಮಾಡಿದರೆ ಅವರ ಸ್ನಾಯುಗಳ ಒಂದೊಂದು ಮಿಡಿತವನ್ನೂ ಅದು ದಾಖಲಿಸಿಕೊಳ್ಳುತ್ತಿತ್ತು. ಆಮೇಲೆ ಕಲಿಯುವವರು ತೊಟ್ಟಾಗ, ಹದವಾದ ವಿದ್ಯುತ್ ಮಿಡಿತಗಳಿಂದ ಅದೇ ಚಲನೆಯನ್ನು ಅವರ ಕೈಗೆ ರೂಢಿ ಮಾಡಿಸುತ್ತಿತ್ತು. ಮೂರು ತಿಂಗಳಾದ ಮೇಲೆ ಗವಸು ಬೇಕಿರಲಿಲ್ಲ. ಕೈ ತಾನಾಗಿ ಮಾಡುತ್ತಿತ್ತು. ಕೊಪ್ಪಳ ಸೀಮೆಯ ಸೂಲಗಿತ್ತಿ, ಎಂಬತ್ತು ದಾಟಿದ ಹುಲಿಗೆಮ್ಮ, ಎರಡು ವರ್ಷ ಅದನ್ನು ಹಗಲೆಲ್ಲ ತೊಟ್ಟಿದ್ದಳು. ಈಗ ಕಾಲೇಜಿನ ನಲವತ್ತು ಹುಡುಗಿಯರ ಕೈಯೊಳಗೆ ಅವಳ ಕೈಯಿತ್ತು.

ಮರುವಾರ ದೂರು ಬಂತು. ಕೊಟ್ಟವಳು ಸಂಘಮಿತ್ರಾ, ದಲಿತ ಕೇರಿಯ ಬಾಣಂತಿ. “ಈ ದೇಸಾಯರ ಹುಡುಗಿ ಗುಳಿಗಿ ಕೈಗೆ ಕೊಡೂದಿಲ್ಲ, ಮ್ಯಾಲಿಂದ ಬಿಡ್ತಾಳ. ನಾವು ಯಾವ ಕಾಲದಾಗ ಅದೀವಿ?” ಎಂದು ಅವಳು ಎಲ್ಲರೆದುರು ಕೇಳಿದಳು. ವಾರ್ಡಿನ ಕ್ಯಾಮೆರಾದಲ್ಲೂ ಎರಡು ಕೈಗಳ ನಡುವೆ ಗೇಣು ಅಂತರ ಕಾಣಿಸಿತು. ಪ್ರಾಂಶುಪಾಲರು ವೈಷ್ಣವಿಯನ್ನು ಕಾಲೇಜಿನಿಂದ ತೆಗೆಯುವ ಪತ್ರ ಸಿದ್ಧಪಡಿಸಿದರು.

ಹುಡುಗಿ ಶೈಲಜಾಳ ಕೋಣೆಗೆ ಬಂದು ಅತ್ತಳು. “ಮೇಡಂ, ನಾ ಬೇಕಂತ ಮಾಡಿಲ್ರೀ. ಕೊಡಾಕ ಹೋದ್ರ ಕೈ ತಾನ ನಿಲ್ತೈತಿ.”

ಶೈಲಜಾ ಎರಡು ದಿನ ಕೂತು ಹಳೆಯ ದಾಖಲೆಗಳನ್ನು ಬಿಡಿಸಿ ನೋಡಿದಳು. ಯಾರಿಗೆ ಏನು ಕೊಡುವಾಗಲೂ ಹುಲಿಗೆಮ್ಮನ ಕೈ ಗೇಣು ಮೇಲೆ ನಿಂತು, ಬೆರಳು ಬಿಚ್ಚಿ, ಸರಕ್ಕನೆ ಹಿಂದೆ ಬರುತ್ತಿತ್ತು. ಸಾವಿರಾರು ಸಲ. ಯಂತ್ರ ಅದನ್ನೂ ಒಂದು ಕೌಶಲವೆಂದೇ ಕಲಿತು, ಕಲಿಸಿತ್ತು.

ಅವಳು ಹುಲಿಗೆಮ್ಮನ ಮನೆಗೆ ಹೋಗಿ ವಿಷಯ ಹೇಳಿದಳು. ಮುದುಕಿ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು.

“ದೊಡ್ಡವರ ಮನ್ಯಾಗ ಕೂಸು ನನ್ನ ಕೈಯಾಗ ಹುಟ್ಟತಿತ್ತು. ಹುಟ್ಟೂತನಕ ಮೈಲಿಗಿ ಇದ್ದಿಲ್ಲ. ಹೊಕ್ಕಳಬಳ್ಳಿ ಕೊಯ್ದ ಮ್ಯಾಲೆ ಕೂಸನ್ನ ಅರಿವಿ ಮ್ಯಾಲೆ ಇಟ್ಟು ಹಿಂದ ಸರೀಬೇಕು. ಅವರು ನೀರು ಚಿಮುಕಿಸಿ ಎತ್ಕೊಳ್ತಿದ್ರು. ನಾ ಎಲಿ ಅಡಿಕಿ ಕೊಟ್ರೂ ಮ್ಯಾಲಿಂದ ಬಿಡಬೇಕು. ಹಾಂಗ ಕಲತು ಹೋತು ಯವ್ವಾ. ಈಗ ಯಾರೂ ಬೈಯೂದಿಲ್ಲ. ಕೈಗೆ ಅದು ಗೊತ್ತಿಲ್ಲ.”

“ಅದೊಂದನ್ನ ಪಾಠದಿಂದ ತೆಗೀತೀನಿ, ಅಜ್ಜಿ.”

“ತೆಗೀರಿ. ಆದ್ರ ಮುಚ್ಚಿಡಬ್ಯಾಡ್ರಿ. ಆ ಬಾಣಂತಿಗೂ ಹೇಳ್ರಿ, ಆ ಹುಡಿಗಿಗೂ ಹೇಳ್ರಿ.”

ಶೈಲಜಾ ಇಬ್ಬರನ್ನೂ ಕೂರಿಸಿ ಹೇಳಿದಳು. ಸಂಘಮಿತ್ರಾ ಕೂಸನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು ವೈಷ್ಣವಿಯನ್ನು ನೋಡಿದಳು.

“ಆ ಅಜ್ಜಿಗೆ ಇದನ್ನ ಕಲಿಸಿದವರು ಯಾರು?”

ವೈಷ್ಣವಿ ತಲೆ ತಗ್ಗಿಸಿದಳು. “ನಮ್ಮಂಥವರ ಮನ್ಯಾವರು, ಅಕ್ಕಾ.”

ಸಂಘಮಿತ್ರಾ ದೂರು ಹಿಂತೆಗೆದುಕೊಂಡಳು. ತಂತ್ರಜ್ಞರು ಅರ್ಧ ದಿನದಲ್ಲಿ ಪಾಠದಿಂದ ಆ ಚಲನೆಯನ್ನು ಅಳಿಸಿದರು. ನಲವತ್ತು ಹುಡುಗಿಯರ ಕೈಯಿಂದ ಅದನ್ನು ಬಿಡಿಸಲು ಮಾತ್ರ ಎಂಟು ತಿಂಗಳು ಹಿಡಿಯಿತು.

ಆ ಕೆಲಸ ಮುಗಿದ ಭಾನುವಾರ ಬೆಳಿಗ್ಗೆ, ಬೀದಿ ಗುಡಿಸುತ್ತಿದ್ದ ಹೆಂಗಸು ಶೈಲಜಾಳ ಮನೆಯ ಗೇಟಿನ ಬಳಿ ನಿಂತು ಕುಡಿಯಲು ನೀರು ಕೇಳಿದಳು. ಶೈಲಜಾ ತಣ್ಣನೆಯ ಬಾಟಲಿ ತಂದು ಕಾಂಪೌಂಡ್ ಗೋಡೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅವಳು ಸರಿಯುವತನಕ ಕಾದಿದ್ದು ಹೆಂಗಸು ಬಾಟಲಿ ಎತ್ತಿಕೊಂಡಳು. ಇಬ್ಬರಿಗೂ ಅದರಲ್ಲಿ ಹೊಸತೇನೂ ಇರಲಿಲ್ಲ.

ಮನೆಯೊಳಗೆ ಹೋಗುತ್ತಿದ್ದ ಶೈಲಜಾ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಕೈಪಾಠವನ್ನು ಕಂಡುಹಿಡಿದವಳು ಅವಳು. ಅದನ್ನು ಒಂದು ದಿನವೂ ತೊಟ್ಟವಳಲ್ಲ.