ಕಮಾನಿನ ಬಾಯಿ

"ಬಾಯಿ ನೋಡಿದ್ರೆ ಊರಗಲ, ಕೈಕೆಲಸ ನೋಡಿದ್ರೆ ಕೋತಿ ಗೀಚಿದ ಹಾಗೆ. ನಿನ್ನನ್ನ ಗಾರೆಯವನು ಅಂದವರು ಯಾರಯ್ಯ?"

ಅಂಗಡಿಸಾಲಿನವರೆಲ್ಲರ ಮುಂದೆ ಮೇಸ್ತ್ರಿ ಹೀಗಂದ. ಎಲ್ಲರೂ ನಕ್ಕರು. ಹೊಸ ಗಾರೆಯವನು ಸುಮ್ಮನಿರುವ ಆಸಾಮಿಯಲ್ಲ. ಒಂದಕ್ಕೆ ನಾಲ್ಕು ತಿರುಗಿಸಿ ಕೊಟ್ಟು, ಮೆಟ್ಟಿಲ ಮೇಲಿನ ಕಮಾನನ್ನು ಊಟದ ಹೊತ್ತಿಗೆ ಕನ್ನಡಿಯಷ್ಟು ನುಣುಪು ಮಾಡಿ ತೋರಿಸುತ್ತೇನೆಂದು ಪಂಥ ಕಟ್ಟಿದ.

ಅವರು ದುರಸ್ತಿಗೆ ಹಿಡಿದಿದ್ದ ಆ ಹಳೇ ಕಟ್ಟಡ ಕಂಡಕಂಡಲ್ಲಿಂದ ಕಿತ್ತು ತಂದು ಹೊಲಿದ ಹಾಗಿತ್ತು. ಕೆಳಗೆ ಅಂಗಡಿಗಳಿಗೆ ದಪ್ಪ ಕಲ್ಲುಕಂಬ, ಮೇಲೆ ಮನೆಗಳಿಗೆ ಮೊನಚು ಕಿಟಕಿ, ತುದಿಯಲ್ಲಿ ಈರುಳ್ಳಿಯಂಥ ಗುಮ್ಮಟ. ಒಳಗಿನ ಮೆಟ್ಟಿಲ ಕಮಾನಿನ ನೆತ್ತಿಯಲ್ಲಿ ಗಾರೆಯದೊಂದು ಮುಖ, ಬಾಯಿ ತೆರೆದುಕೊಂಡು.

ಕೆಳಗಿನ ಅಂಗಡಿಯ ದರ್ಜಿ ಅಜ್ಜ ಗಾರೆಯವನ ತೋಳು ಹಿಡಿದ. "ಮಗಾ, ಆ ಬಾಯಿಗೆ ಮಾತ್ರ ಗಾರೆ ತುಂಬಬೇಡ. ಈ ಕಟ್ಟಡ ಕಟ್ಟಿಸಿದ ಸಾಹುಕಾರ ತನಗೆ ಎದುರಾಡಿದ ಗಾರೆಯವನಿಗೆ ಮಾಟ ಮಾಡಿಸಿ, ಅವನ ದನಿಯನ್ನ ಅದರೊಳಗೆ ಕಟ್ಟಿಸಿದ್ದಾನೆ. ಮುಚ್ಚಿದವನ ದನಿ ತಗೊಳ್ಳದೆ ಅದು ಬಿಡಲ್ಲ."

"ತಗೊಳ್ಳಲಿ ಬಿಡಜ್ಜ, ಮಗಳಿಗೆ ಕತೆ ಹೇಳಿ ಹೇಳಿ ನಂದು ಹೇಗೂ ಸವೆದಿದೆ."

ತಾಯಿಯಿಲ್ಲದ ಆ ಕೂಸು ಅವನ ಕತೆಯಿಲ್ಲದೆ ಕಣ್ಣು ಮುಚ್ಚುತ್ತಿರಲಿಲ್ಲ.

ಗಾರೆಯವನು ಏಣಿ ಹತ್ತಿ ಆ ಮುಖದ ಬಾಯಿಗೆ ಗಾರೆ ತುರುಕಿದ. ಕರಣೆಯಿಂದ ಒತ್ತಿ ನುಣ್ಣಗೆ ಎಳೆದ. ಬಿರುಕಿಲ್ಲ, ಗೆರೆಯಿಲ್ಲ. ಜನ್ಮದಲ್ಲಿ ಅಷ್ಟು ಚೆಂದದ ಕೆಲಸ ಮಾಡಿರಲಿಲ್ಲ.

ಹೊರಗೆ ಹೊಲಿಗೆ ಯಂತ್ರಗಳ ಸದ್ದು ಒಮ್ಮೆಲೇ ನಿಂತಿತು. ನಡುಮಧ್ಯಾಹ್ನ ಮೆಟ್ಟಿಲ ಮೇಲೆ ಕತ್ತಲೆ ಇಳಿಯಿತು. ಹಸಿ ಸುಣ್ಣದ ವಾಸನೆ, ಅದರಡಿಯಲ್ಲಿ ಯಾರದೋ ಹಳಸಿದ ಉಸಿರಿನ ವಾಸನೆ. ಕೆಳಗಿಳಿದ. ಬಾಗಿಲಿರಬೇಕಾದಲ್ಲಿ ಗೋಡೆ. ಮತ್ತೆ ಮೇಲೆ ಓಡಿದ. ಅಲ್ಲೂ ಗೋಡೆ, ಅವನೇ ಎಳೆದಂತೆ ನುಣುಪು. ಗೋಡೆಗಳು ಹತ್ತಿರ ಸರಿದವು. ಎದೆಗೆ ತಾಗಿದವು. ಹೇಗೋ ಏಣಿ ಹತ್ತಿ ಕರಣೆಯಿಂದ ಆ ಬಾಯನ್ನು ಕೆರೆದ. ಗಾರೆ ಕಲ್ಲಾಗಿತ್ತು. ಕರಣೆ ಮುರಿಯಿತು. ಉಗುರಿನಿಂದ ಕೆರೆದ. ಉಗುರು ಕಿತ್ತುಬಂತು. ಮಗಳು ನೆನಪಾದಳು. ಮುಖಕ್ಕೆ ಮುಖವಿಟ್ಟು, ಬಾಯಿಗೆ ಬಾಯಿಯಿಟ್ಟು, ಅವಳ ಹೆಸರು ಹಿಡಿದು ಕೂಗಿದ.

ಗಾರೆ ಪುಡಿಯಾಗಿ ಉದುರಿತು. ಕೂಗು ಒಳಗೆ ಹೋಯಿತು. ಹೊರಗೆ ಬರಲಿಲ್ಲ.

ಬಾಗಿಲು ಇದ್ದಲ್ಲೇ ಇತ್ತು. ಬಿಸಿಲು. ಅದೇ ಜನ, ಅದೇ ಮೇಸ್ತ್ರಿ.

"ಏನಯ್ಯ, ಕನ್ನಡಿ ಆಯ್ತಾ? ಊರಗಲದ ಬಾಯಿ ಈಗೆಲ್ಲಿ ಹೋಯ್ತು?"

ಎಲ್ಲರೂ ನಕ್ಕರು. ದರ್ಜಿ ಅಜ್ಜ ಮಾತ್ರ ತಲೆ ತಗ್ಗಿಸಿದ. ಕಮಾನಿನ ಒಳಗಿಂದ ಗಾರೆಯವನದೇ ದನಿ, ಮಗು ಮಲಗಿಸುವ ಮೆಲುದನಿ, "ಒಂದೂರಲ್ಲಿ ಒಬ್ಬ ರಾಜ ಇದ್ದ ಕಣೇ, ಚಿನ್ನಾ" ಎಂದು ಶುರುಮಾಡಿತು.

ಅವನು ಗಂಟಲಲ್ಲಿ ತುಂಬಿದ್ದ ಸುಣ್ಣವನ್ನು ನುಂಗುತ್ತ, ಮಗಳಿರುವ ಮನೆಯ ಕಡೆ ನಡೆದ.