ಹಲ್ಲಿನ ಡಾಕ್ಟರ್ ಅಜ್ಜಿಯ ಮಣ್ಣಿನ ಕ್ಲಾಸು

“ನಾನು ಬರಲ್ಲ ಅಂದ್ರೆ ಬರಲ್ಲ!” ಗುಂಡ ಗೇಟಿನ ಒಳಗಿನಿಂದಲೇ ಕೂಗಿದ. “ನಿಮ್ಮಜ್ಜಿ ನನ್ನ ಎರಡು ಹಲ್ಲು ಕಿತ್ತಿದ್ದಾರೆ.”

“ನೀನೂ ಅಜ್ಜಿ ಬೆರಳು ಕಚ್ಚಿದ್ಯಲ್ಲ?” ಎಂದಳು ಚಟಪಟಿ.

“ಅದಕ್ಕೇ ಬರಲ್ಲ! ಸೇಡು ತೀರಿಸ್ಕೋತಾರೆ.”

ಚಟಪಟಿ ಹಣೆ ಚಚ್ಚಿಕೊಂಡಳು. ಬೆಳಿಗ್ಗೆಯಿಂದ ಇದು ಏಳನೇ ಮನೆ. ಏಳು ಮನೆಯಲ್ಲೂ ಅದೇ ರಾಗ, ಅದೇ ಹಾಡು.

ಅವಳ ಅಜ್ಜಿ ಮೂವತ್ತೆಂಟು ವರ್ಷ ಹಲ್ಲಿನ ಡಾಕ್ಟರ್ ಆಗಿದ್ದವಳು. ಅವಳ ಕೈಗೆ ಹಲ್ಲು ಕೊಡದ ಮಕ್ಕಳೇ ಆ ಬೀದಿಯಲ್ಲಿ ಇರಲಿಲ್ಲ. ಅರವತ್ತಮೂರನೇ ವಯಸ್ಸಿಗೆ ಇದ್ದಕ್ಕಿದ್ದಂತೆ ಕ್ಲಿನಿಕ್ ಮುಚ್ಚಿ, ಅದೇ ಕೋಣೆಯಲ್ಲಿ ಕುಂಬಾರಿಕೆ ಸ್ಟುಡಿಯೋ ತೆರೆದಳು. ಹಲ್ಲು ಕೆರೆಯುವ ಕೊಕ್ಕೆಗಳಿಂದ ಈಗ ಹೂಜಿಯ ಮೇಲೆ ಬಳ್ಳಿ ಬಿಡಿಸುತ್ತಿದ್ದಳು. ಆದರೆ ಹಳೇ ಅಭ್ಯಾಸ ಬಿಡಬೇಕಲ್ಲ! ಹೂಜಿಗೂ “ಎಲ್ಲಿ, ಬಾಯಿ ದೊಡ್ಡದು ಮಾಡು” ಎನ್ನುತ್ತಿದ್ದಳು.

ಭಾನುವಾರ ಮಕ್ಕಳ ಮೊದಲ ಕ್ಲಾಸು. ಆರು ಸ್ಟೂಲು, ಆರು ಏಪ್ರನ್ನು ಸಿದ್ಧವಾಗಿದ್ದವು. ಹೆಸರು ಕೊಟ್ಟವರು ಮಾತ್ರ ಸೊನ್ನೆ. “ಯಾರೂ ಬರದಿದ್ರೆ ಈ ಚಕ್ರ ವಾಪಸ್ ಕೊಟ್ಬಿಡ್ತೀನಿ ಕಣೇ. ಈ ವಯಸ್ಸಲ್ಲಿ ನಂಗ್ಯಾಕೆ ಬೇಕಿತ್ತು?” ಎಂದು ಅಜ್ಜಿ ಹೇಳಿದಾಗ ಚಟಪಟಿಗೆ ಅಳುವೇ ಬಂದಿತ್ತು.

ಈಗ ತಟ್ಟನೆ ಒಂದು ಐಡಿಯಾ ಹೊಳೆಯಿತು. ಗೇಟಿನ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದಳು. “ಗುಂಡಾ, ಮಣ್ಣಲ್ಲಿ ಅಜ್ಜಿ ತಲೆ ಮಾಡೋಣ. ಆಮೇಲೆ ಅದರ ಹಲ್ಲನ್ನ ನಾವೇ ಕೀಳೋಣ. ಅಜ್ಜಿಗೆ ಹೇಳ್ಬೇಡ.”

ಗೇಟು ಕಿರ್ ಎಂದು ತೆರೆಯಿತು.

ಗುಟ್ಟು ಬೀದಿಯ ಮಕ್ಕಳಿಗೆಲ್ಲ ಹರಡಿ, ಭಾನುವಾರ ಚಟಪಟಿಯೂ ಸೇರಿ ಒಂಬತ್ತು ಮಕ್ಕಳು! ಅಜ್ಜಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಣ್ಣು ನಾದಿ ಹದ ಮಾಡಿ ಎಲ್ಲರಿಗೂ ಹಂಚಿದಳು. “ಏನು ಇಷ್ಟಾನೋ ಅದು ಮಾಡಿ,” ಎಂದಳು.

ಒಂದು ಗಂಟೆಯಲ್ಲಿ ಒಂಬತ್ತು ತಲೆಗಳು ಎದ್ದವು. ಒಂಬತ್ತಕ್ಕೂ ದುಂಡು ಕನ್ನಡಕ, ತುರುಬು, ಗುದ್ದಲಿಯಂಥ ಹಲ್ಲು.

ಅಜ್ಜಿ ಬಗ್ಗಿ ನೋಡಿದಳು. ತನ್ನ ತುರುಬು ಮುಟ್ಟಿಕೊಂಡಳು. “ಇದು ಯಾರ ಐಡಿಯಾ?”

ಎಂಟು ಕೆಸರು ಬೆರಳು ಚಟಪಟಿಯತ್ತ ತಿರುಗಿದವು.

“ನಾನು ಇಷ್ಟೊಂದು ಭಯಂಕರವಾಗಿದ್ನಾ?” ಅಜ್ಜಿಯ ಮುಖ ಸಣ್ಣದಾಯಿತು.

“ಹೂಂ,” ಎಂದ ಗುಂಡ. ಪಾಪ, ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ತುಂಬಾ ಗದರಿಸ್ತಿದ್ರಿ. ಅದಕ್ಕೇ ಇದರ ಹಲ್ಲು ಕೀಳೋಕೆ ಬಂದಿದೀವಿ.”

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಚಟಪಟಿಗೆ. ಅಜ್ಜಿಯ ಕ್ಲಾಸು ಉಳಿಸಲು ಹೋಗಿ ಅಜ್ಜಿಗೇ ನೋವು ಮಾಡಿದ್ದಳು.

ಅಜ್ಜಿ ಸ್ಟೂಲಿನ ಮೇಲೆ ಕುಳಿತಳು. “ಏನ್ಮಾಡ್ಲಿ ಹೇಳೋ? ನೀವು ಬಾಯಿ ತೆಗೆದ್ರೆ ನಂಗೇ ಭಯ ಆಗ್ತಿತ್ತು. ಎಲ್ಲಿ ನೋವಾಗುತ್ತೋ ಅಂತ. ಅದು ನಿಮಗೆ ಗೊತ್ತಾಗ್ಬಾರ್ದು ಅಂತಾನೇ ಗದರಿಸ್ತಿದ್ದೆ.”

ಆಮೇಲೆ ಗುಂಡನ ತಲೆಯನ್ನು, ಅಂದರೆ ಅವನು ಮಾಡಿದ ತಲೆಯನ್ನು, ಹತ್ತಿರ ಎಳೆದುಕೊಂಡಳು. “ಅಲ್ಲಯ್ಯಾ, ಹಲ್ಲು ಹೀಗಾ ಅಂಟಿಸೋದು? ಮೊದಲು ಗೀರು ಹಾಕ್ಬೇಕು, ನೀರುಮಣ್ಣು ಹಚ್ಬೇಕು. ಇಲ್ದಿದ್ರೆ ಒಣಗಿದ ಕೂಡ್ಲೇ ತಾವಾಗೇ ಉದುರ್ತವೆ. ನಿಂಗೆ ಕೀಳೋಕೆ ಏನಿರುತ್ತೆ?”

ಎಲ್ಲ ಹಲ್ಲುಗಳೂ ಮತ್ತೆ ಗಟ್ಟಿಯಾಗಿ ಅಂಟಿದವು. ಅಜ್ಜಿ ತನ್ನ ಹಳೇ ಇಕ್ಕಳ ತಂದು ಗುಂಡನ ಕೈಗಿಟ್ಟಳು.

ಗುಂಡ ಮಣ್ಣಿನ ಬಾಯಿಗೆ ಇಕ್ಕಳ ಹಾಕಿದ. ಜೋರಾಗಿ ಎಳೆದರೆ ತುಟಿಯೇ ಕಿತ್ತು ಬರುವಂತಿತ್ತು. ಇಕ್ಕಳ ಹೊರತೆಗೆದು, ಅಂಗೈ ಬೆವರನ್ನು ಏಪ್ರನ್ನಿಗೆ ಒರೆಸಿ, ಮತ್ತೆ ಹಾಕಿದ.

“ಸುಮ್ನಿರ್ರೋ ಎಲ್ಲಾ! ಯಾರೂ ಅಲ್ಲಾಡ್ಬೇಡಿ!” ಎಂದು ಗುಡುಗಿದ.

ಯಾರೂ ಅಲ್ಲಾಡಿರಲಿಲ್ಲ.

ಚಟಪಟಿ ಅಜ್ಜಿಯತ್ತ ನೋಡಿದಳು. ಅಜ್ಜಿ ಗುಂಡನ ಕೈಯನ್ನೇ ನೋಡುತ್ತಿದ್ದಳು. ಚಟಪಟಿ ಎದ್ದು ಹೋಗಿ ಆ ಮಣ್ಣಿನ ತಲೆಯನ್ನು ಅಲುಗದಂತೆ ಎರಡೂ ಕೈಯಿಂದ ಹಿಡಿದುಕೊಂಡಳು.

“ಹೆದರ್ಬೇಡ ಕಣೋ,” ಎಂದಳು.

ಈ ಮಾತನ್ನು ಅಜ್ಜಿಗೆ ಅಷ್ಟು ವರ್ಷದಲ್ಲಿ ಯಾರೂ ಹೇಳಿರಲಿಕ್ಕಿಲ್ಲ ಎಂದು ಅವಳಿಗೆ ಆಗ ಅನಿಸಿತು.